ಕುಂಭಕರ್ಣನನ್ನು ಎಬ್ಬಿಸಿದ್ದು

ಲಿಫ್ಟ್ ರಿಪೇರಿ ಮಾಡುವ ತಂಗಿ ಕಾದಂಬರಿ ಬರೆದಳೆಂದಾಗ ಮನೆಯವರೆಲ್ಲ ಹಿರಿಹಿರಿ ಹಿಗ್ಗಿದ್ದರು. ಕಥೆ ಇಷ್ಟು: ಆಕಾಶನೌಕೆಯ ಶೀತಪೆಟ್ಟಿಗೆಯಲ್ಲಿ ಕುಂಭಕರ್ಣ ಮಲಗಿದ್ದಾನೆ, ಬೇರೊಂದು ಗ್ರಹದ ಯುದ್ಧಕ್ಕೆ ಅಣ್ಣ ರಾವಣ ಅವನನ್ನು ಎಬ್ಬಿಸಬೇಕು. ಯಾರ ಕಿವಿ ನೆಟ್ಟಗಾಗದು ಹೇಳಿ? ಆದರೆ ಈ ಮಹಾತಾಯಿ ಮಾಡಿದ್ದೇನು? ಪೆಟ್ಟಿಗೆಯ ಮುಚ್ಚಳ, ಮುಚ್ಚಳದ ಕೀಲು, ಕೀಲಿಗೆ ಹಚ್ಚುವ ಗ್ರೀಸು, ಎಲ್ಲವನ್ನೂ ಬಿಡಿಬಿಡಿಯಾಗಿ ಬಿಚ್ಚಿಟ್ಟಳು. ಅರ್ಧ ಪುಸ್ತಕ ಮುಗಿದರೂ ಕುಂಭಕರ್ಣ ಮಗ್ಗುಲು ಬದಲಿಸಲಿಲ್ಲ.

ಪುಸ್ತಕದ ಹುಳುವಾದ ಅಕ್ಕನೂ ಮೂರನೇ ಅಧ್ಯಾಯಕ್ಕೆ ಗೊರಕೆ ಹೊಡೆದಳು. "ಅವನನ್ನ ಎಬ್ಬಿಸ್ತೀಯ ಅಂತ ಕೂತ್ರೆ ನನ್ನನ್ನೇ ಮಲಗಿಸಿಬಿಟ್ಯಲ್ಲೇ," ಎಂದಳು. ಬೇರೆ ಯಾರು ಏನೆಂದರೂ ತಂಗಿ ತಡೆದುಕೊಳ್ಳುತ್ತಿದ್ದಳು, ಅಕ್ಕ ಮೆಚ್ಚಬೇಕಿತ್ತು. ತನಗೆ ಕಥೆ ಹೇಳಲು ಬರುವುದಿಲ್ಲವೆಂದು ತೀರ್ಮಾನಿಸಿ ಪೆನ್ನು ಮುಟ್ಟುವುದನ್ನೇ ಬಿಟ್ಟಳು.

ಹೀಗಿರುವಾಗ ಅಕ್ಕನ ಕಟ್ಟಡದ ಲಿಫ್ಟೇ ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿತು. ಒಳಗೆ ಅಕ್ಕ, ಪಕ್ಕದ ಮನೆಯ ದಂತವೈದ್ಯ, ಮೇಲಿನ ಮನೆಯ ಅಜ್ಜಿ. ತಂಗಿ ಬಿದ್ದಂಬೀಳ ಓಡಿಬಂದು ಕಟ್ಟಡದ ತುದಿಯಲ್ಲಿದ್ದ ಲಿಫ್ಟಿನ ಯಂತ್ರದ ಕೋಣೆ ಸೇರಿದಳು. ಅಕ್ಕನಿಗೆ ಕರೆ ಮಾಡಿ ಫೋನನ್ನು ಕಿಟಕಿಯಲ್ಲಿಟ್ಟು, ಲಿಫ್ಟನ್ನು ಸರಿಸುವ ಚಕ್ರವನ್ನು ಕೈಯಿಂದಲೇ ತಿರುಗಿಸತೊಡಗಿದಳು.

"ಅಜ್ಜಿಗೆ ಭಯ ಆಗ್ತಿದೆ, ಏನಾದ್ರೂ ಮಾತಾಡ್ತಿರು," ಫೋನಿನಲ್ಲಿ ಅಕ್ಕನ ದನಿ.

"ಹೆದರ್ಬೇಡಿ ಅಜ್ಜಿ. ಈಗ ಬ್ರೇಕ್ ಸಡಿಲ ಮಾಡಿದೀನಿ..."

"ಅಯ್ಯೋ, ಯಂತ್ರದ ಪುರಾಣ ಬೇಡ ತಾಯಿ. ಅದಕ್ಕಿಂತ ನಿನ್ನ ಕುಂಭಕರ್ಣನೇ ವಾಸಿ," ಎಂದಳು ಅಕ್ಕ.

ಚಕ್ರದ ಜೊತೆ ಗುದ್ದಾಡುವಾಗ ವಿವರಣೆಗೆ ಉಸಿರೆಲ್ಲಿ? "ಎದ್ದ," ಎಂದು ಒಂದೇ ಏಟಿಗೆ ಎಬ್ಬಿಸಿಬಿಟ್ಟಳು. "ಎದ್ದವನೇ ಅಣ್ಣ ಎಲ್ಲಿ ಅಂದ. ಅಣ್ಣ ಯಾರದೋ ಹೆಂಡತೀನ ಹೊತ್ಕೊಂಡು ಬಂದಿದಾನೆ ಅಂದ್ರು. ಅವನ ಹಸಿವೇ ಸತ್ತುಹೋಯ್ತು. ನೌಕೆ ಕಿಟಕೀಲಿ ನೋಡ್ತಾನೆ, ಊರಿಗೆ ಊರೇ ಉರೀತಿದೆ. ತಪ್ಪು ನಿಂದೇ ಅಣ್ಣ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ದ. ಅಣ್ಣ ಚಿಕ್ಕಂದಿನಲ್ಲಿ ಹಿಡೀತಿದ್ದ ಹಾಗೆ ಅವನ ಕೈ ಹಿಡ್ಕೊಂಡ..."

ಅಷ್ಟರಲ್ಲಿ ಲಿಫ್ಟ್ ಮಹಡಿಗೆ ಸಮನಾಯಿತು. ಬ್ರೇಕ್ ಬಿಗಿದು, ಮೆಟ್ಟಿಲಿಳಿದು ಬಂದು, ಕೀಲಿಕೈಯಿಂದ ಲಿಫ್ಟಿನ ಬಾಗಿಲು ತೆರೆದಳು.

"ಬನ್ನಿ ಆಚೆ."

ಯಾರೂ ಕದಲಲಿಲ್ಲ. ಅಜ್ಜಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಬೇರೆಯವರ ಬಾಯಿ ತೆರೆಸುವ ದಂತವೈದ್ಯ ತಾನೇ ಬಾಯಿ ತೆರೆದು ನಿಂತಿದ್ದ.

"ಬರೋದು ಇರ್ಲಿ," ಅಕ್ಕ ತಂಗಿಯ ತೋಳು ಹಿಡಿದಳು. ಕಣ್ಣು ಒದ್ದೆಯಾಗಿತ್ತು. "ಅವನು ಯುದ್ಧಕ್ಕೆ ಹೋಗ್ತಾನೆ ಅಂತ ನಮಗೂ ಗೊತ್ತು. ಹೋಗೋ ಮುಂಚೆ ಅಣ್ಣನಿಗೆ ಏನಂದ, ಅದು ಹೇಳು."

ತಂಗಿಯ ಆನಂದಕ್ಕೆ ಪಾರವೇ ಇರಲಿಲ್ಲ. ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬಾಗಿಲಿಗೆ ಅಡ್ಡವಾಗಿ ಕೂತು, ಕಥೆ ಮುಂದುವರಿಸಿದಳು.