ಗುಂಡಿಯಷ್ಟು ಬ್ಯಾಟರಿ

ಕೊನೆಯ ಸ್ನಾನವಾದ ಮೇಲೆ ಮಗಳು ತಾಯಿಯ ತಲೆ ಅರ್ಧ ಬಾಚಿದ್ದಳು, ಅಷ್ಟರಲ್ಲಿ ಪ್ರೆಸ್ಸಿನ ಮಾಲೀಕರು ಬಾಗಿಲಿನಿಂದಲೇ ಸನ್ನೆ ಮಾಡಿ ಕರೆದರು. ಹಣಿಗೆಯನ್ನು ಚಿಕ್ಕಮ್ಮನ ಕೈಗೆ ಕೊಟ್ಟು ಎದ್ದಳು. ಮಾಲೀಕರು ಕೆಟ್ಟವರೇನಲ್ಲ; ಹೂ ತಂದಿದ್ದರು, ಕಣ್ಣೂ ಒದ್ದೆಯಾಗಿತ್ತು. ಆದರೆ ನಿಂತಲ್ಲಿ ನಿಲ್ಲಲಾಗದೆ ಚಡಪಡಿಸುತ್ತಿದ್ದರು.

ಪ್ರೆಸ್ಸಿನವರಿಗೆಲ್ಲ ಟೈಪಿಂಗ್ ಅಕ್ಕನಾಗಿದ್ದ ತಾಯಿ ಆಸ್ಪತ್ರೆ ಸೇರಿದ ಮೇಲೆ ಪ್ರೆಸ್ಸಿನ ಹಳೆಯ ಕಂಪ್ಯೂಟರ್ ಪೂರಾ ಕೈಕೊಟ್ಟಿತ್ತು. ಮೆಕ್ಯಾನಿಕ್ ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಹೊಸ ಕಂಪ್ಯೂಟರಿನ ಪೆಟ್ಟಿಗೆಗೆ ಹಾಕಿದ್ದ. ಅದೋ, ನೀಲಿ ಪರದೆ ತೋರಿಸಿ ಮತ್ತೆ ಮೊದಲಿಗೇ ಹೋಗುತ್ತದೆ. ಕೇಬಲ್ ಬದಲಿಸಿದ್ದಾಯಿತು, ಮೆಮೊರಿ ಒರೆಸಿ ಹಾಕಿದ್ದಾಯಿತು. ಎಲ್ಲ ಅಳಿಸಿಬಿಡೋಣವೆಂದರೆ, ಇಷ್ಟು ವರ್ಷದ ಪುಸ್ತಕಗಳನ್ನು ತೆರೆಯುವ ತಂತ್ರಾಂಶ ಆ ಡಿಸ್ಕ್ ಬಿಟ್ಟರೆ ಬೇರೆಲ್ಲೂ ಇಲ್ಲ.

"ಅಮ್ಮ ನಿಂಗೇನಾದ್ರೂ ಹೇಳ್ಕೊಟ್ಟಿದ್ರಾ, ತಾಯಿ?" ಎಂದರು ಮಾಲೀಕರು. "ಗೊತ್ತಿದ್ರೆ ಕೆಲಸಕ್ಕೆ ನೀನೇ ಬಾ. ಆ ಕುರ್ಚಿ ನಿಂದೇ."

ಮಗಳಿಗೆ ಗೊತ್ತಿತ್ತು. ಗಂಡನ ಅಂಗಡಿ ಮುಚ್ಚಿತ್ತು, ಕೆಲಸವೂ ಬೇಕಿತ್ತು.

*

ಒಂದು ರಜೆಯ ದಿನ ತಾಯಿಯೇ ಪ್ರೆಸ್ಸಿಗೆ ಕರೆದೊಯ್ದು ತೋರಿಸಿದ್ದಳು. ಕಂಪ್ಯೂಟರಿನ ಒಳಗೆ ಗುಂಡಿಯಷ್ಟು ಬ್ಯಾಟರಿ. ಅದು ಸತ್ತಿತ್ತು. ಹಾಗಾಗಿ ಕರೆಂಟ್ ಹೋಗಿ ಬಂದಾಗಲೆಲ್ಲ ಯಂತ್ರಕ್ಕೆ ಮರೆವು. ಹಳೆಯ ಡಿಸ್ಕನ್ನು ಹೊಸ ರೀತಿಯಲ್ಲಿ ಓದಲು ಹೋಗಿ ಮುಗ್ಗರಿಸುತ್ತಿತ್ತು. ಶುರುವಾಗುವಾಗಲೇ ಒಂದು ಕೀಲಿ ಒತ್ತಿ ಒಳಹೊಕ್ಕು ಹಳೆಯ ರೀತಿಗೆ ತಿರುಗಿಸಬೇಕು, ಅಷ್ಟೇ.

"ಬೇರೆ ಬ್ಯಾಟರಿ ಹಾಕ್ಬಹುದಲ್ಲಮ್ಮಾ?"

"ಹಾಕಿದ್ರೆ ನನ್ನ ಯಾಕೆ ಇಟ್ಕೋತಾರೆ?"

ಆ ಜಾಣತನವೇ ಅವಳ ಕಾಲಿಗೆ ಸುತ್ತಿಕೊಂಡಿತು. ಕರೆಂಟ್ ಹೋಯಿತೆಂದರೆ ಊಟ ಬಿಟ್ಟು, ಜ್ವರವಿದ್ದರೆ ಜ್ವರ ಹೊತ್ತುಕೊಂಡು ಓಡಬೇಕು. ಮಗಳ ಹೆರಿಗೆಯ ದಿನವೂ ಫೋನ್ ಬಂತು. "ಈಗ ಬಂದ್ಬಿಡ್ತೀನಿ ಕಣೇ" ಎಂದು, ನೋವಿನಲ್ಲಿ ಬಿಗಿಹಿಡಿದಿದ್ದ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋದಳು. ಬರುವಷ್ಟರಲ್ಲಿ ಮೊಮ್ಮಗಳು ಹುಟ್ಟಿಯಾಗಿತ್ತು. ಅದನ್ನು ಮಗಳು ಇವತ್ತಿಗೂ ಕ್ಷಮಿಸಿರಲಿಲ್ಲ.

*

ಚಿಕ್ಕಮ್ಮ ಹಿಂದೆ ಬಂದು ನಿಂತು ಕಿವಿಯಲ್ಲಿ ಉಸುರಿದಳು: "ಬರ್ತೀನಿ ಅನ್ನು ಸಾಕು. ಗುಟ್ಟು ಬಿಟ್ಕೊಡ್ಬೇಡ."

ಮಗಳು ತಲೆಯಾಡಿಸಿದಳು. ಒಳಗೆ ಆಡುತ್ತಿದ್ದ ತನ್ನ ಕೂಸನ್ನು ನೋಡಿದಳು. ಮೆಕ್ಯಾನಿಕ್‌ಗೆ ಫೋನ್ ಹಚ್ಚಿಕೊಡಿ ಎಂದು ಮಾಲೀಕರನ್ನು ಕೇಳಿದಳು.

"ಶುರುವಾಗೋವಾಗ್ಲೇ ಸೆಟ್ಟಿಂಗ್‌ಗೆ ಹೋಗಿ. ಡಿಸ್ಕ್ ಓದೋ ರೀತಿ ಅಂತಿರುತ್ತೆ. ಅದನ್ನ ಹಳೇದಕ್ಕೆ ತಿರುಗ್ಸಿ. ಹೊಸ ಪೆಟ್ಟಿಗೇಲಿ ಬ್ಯಾಟರಿ ಚೆನ್ನಾಗಿದೆ, ಮತ್ತೆ ಮರೆಯಲ್ಲ." ಅಂಗಳದಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿಯೇ ಹೇಳಿದಳು.

ಸ್ವಲ್ಪ ಹೊತ್ತಿಗೆ, ಮಾಲೀಕರ ಕೈಗೆ ಮರಳಿದ ಫೋನಿನಲ್ಲಿ, ಬಂತು ಸಾರ್, ಶುರುವಾಯ್ತು, ಎಂಬ ಉತ್ತರ ಬಂತು.

"ಇಷ್ಟೇನಾ?" ಎಂದರು ಮಾಲೀಕರು. ಕೊಂಕಿರಲಿಲ್ಲ, ಬರೀ ಆಶ್ಚರ್ಯ.

"ಇಷ್ಟೇ ಸಾರ್."

ಕುರ್ಚಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅವಳೂ ಕೇಳಲಿಲ್ಲ. ಚಿಕ್ಕಮ್ಮ ಮಾತ್ರ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಮಗಳು ಬಂದು ತಾಯಿಯ ಪಕ್ಕ ಕೂತು, ಉಳಿದರ್ಧ ಕೂದಲನ್ನು ಕೈಗೆತ್ತಿಕೊಂಡಳು. ಆಗಲೇ ಕರೆಂಟ್ ಹೋಯಿತು. ಮೇಲಿನ ಫ್ಯಾನ್ ನಿಧಾನವಾಗುತ್ತ ನಿಂತಿತು. ಕೋಣೆಯಲ್ಲಿದ್ದವರೆಲ್ಲ, ರೂಢಿಯಂತೆ, ತಿರುಗಿ ತಾಯಿಯತ್ತ ನೋಡಿದರು. ಅವಳು ಏಳಲಿಲ್ಲ.