ನಲವತ್ತು ಗ್ಯಾಲನ್ ನೀರು

ಕಬ್ಬಿಣದ ತುಕ್ಕು ತೆಗೆಯುವ ಆ ಶೆಡ್ಡಿನಲ್ಲಿ ಮೇಸ್ತ್ರಿ ಹೇಳಿದ್ದೇ ವೇದವಾಕ್ಯ. ಅವನ ತಂಗಿ ಪಕ್ಕದ ಕೋಣೆಯಲ್ಲಿ ಬೋಲ್ಟುಗಳನ್ನು ಪೊಟ್ಟಣ ಕಟ್ಟುತ್ತಿದ್ದಳು, ತಂಗಿಯ ಗಂಡ ಅವನ ಕೈಕೆಳಗೆ ಆಸಿಡ್ ಸುರಿಯುತ್ತಿದ್ದ.

ಅಂದು ತೊಟ್ಟಿಯಲ್ಲಿ ಆಸಿಡ್ ಬೆರೆಸುವ ಅಳತೆಯ ಹೊಸ ಪಟ್ಟಿ ಅಮೆರಿಕದಿಂದ ಬಂದಿತ್ತು. ನೀರು ನಲವತ್ತು ಗ್ಯಾಲನ್, ಆಸಿಡ್ ಐದು ಗ್ಯಾಲನ್. ಶೆಡ್ಡಿನ ಅಳತೆಯೆಲ್ಲ ಲೀಟರಿನದು. ಒಂದು ಗ್ಯಾಲನ್ ಎಂದರೆ ಮೂರೂಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು. ಮೇಸ್ತ್ರಿ ಆಸಿಡ್ಡಿಗೆ ಲೆಕ್ಕ ಹಾಕಿ ಹತ್ತೊಂಬತ್ತು ಲೀಟರ್ ಎಂದು ಬರೆದ. ಅಷ್ಟರಲ್ಲಿ ಯಾರೋ ಕರೆದರು. ತಿರುಗಿ ಬಂದವನು ನೀರಿನ ಲೆಕ್ಕ ಮರೆತು, ನಲವತ್ತು ಲೀಟರನ್ನೇ ತೊಟ್ಟಿಗೆ ಅಳೆದು ಬಿಟ್ಟ.

"ಭಾವ, ನೀರು ಕಡಿಮೆ ಆಯ್ತು ಅನ್ಸುತ್ತೆ."

"ಅಳೆಯೋದು ನಾನು. ನೀನು ಸುರಿ ಸಾಕು."

ನೀರು ಸಾಲದೆ ಕಾವೇರಿದ ತೊಟ್ಟಿ ಮೂರನೇ ಕ್ಯಾನಿಗೆ ಗುರ್ರೆಂದಿತು. ಕುದಿಯುವ ಆಸಿಡ್ ಉಕ್ಕಿ ಚಿಮ್ಮಿ ಸುರಿಯುತ್ತಿದ್ದವನ ಮುಖಕ್ಕೆ, ತೋಳಿಗೆ ರಾಚಿತು. ಕಿರುಚಾಟ ಕೇಳಿ ಓಡಿಬಂದ ಹೆಂಡತಿ ಪೈಪು ಹಿಡಿದು ನೀರು ಬಿಟ್ಟಳು. ಅಂಗಿಯ ತೋಳು ಎಳೆದರೆ ಚರ್ಮವೂ ಜೊತೆಗೇ ಕಿತ್ತುಬಂತು.

"ಏನಾಯ್ತು?" ಎಂದು ಮಾಲೀಕ ಬಂದ.

"ಇವನೇ ಸಾರ್, ಅವಸರಕ್ಕೆ ಒಂದೇ ಸಲ ಸುರಿದುಬಿಟ್ಟ," ಎಂದ ಮೇಸ್ತ್ರಿ.

ನೀರು ಕಡಿಮೆಯೆಂದು ಗಂಡ ಹೇಳಿದ್ದನ್ನು ಪಕ್ಕದ ಕೋಣೆಯಿಂದಲೇ ಕೇಳಿಸಿಕೊಂಡಿದ್ದ ತಂಗಿ ಪೈಪನ್ನು ಜೊತೆಗಾತಿಯ ಕೈಗೆ ಕೊಟ್ಟು, ಬೆಂಚಿನ ಮೇಲಿದ್ದ ಉದ್ದ ಸ್ಪ್ಯಾನರ್ ಎತ್ತಿಕೊಂಡಳು.

"ಅಣ್ಣ, ನೀರೆಷ್ಟು ಹಾಕ್ದೆ?"

"ಪಟ್ಟೀಲಿದ್ದಷ್ಟೇ."

ಮೊದಲ ಏಟು ಮಣಿಕಟ್ಟಿಗೆ ಬಿತ್ತು. ಮೂಳೆ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಎರಡನೆಯದು ಮೊಣಕಾಲಿಗೆ. ಅವನು ಕುಸಿದ.

"ಎಷ್ಟು ಅಂತ ಕೇಳ್ದೆ."

"ನಲವತ್ತು ಲೀಟರ್ ಕಣೇ... ನೀರಿಗೆ ಗ್ಯಾಲನ್ ಲೆಕ್ಕ ಹಾಕೋದೇ ಮರೆತುಬಿಟ್ಟೆ."

ಮಾಲೀಕ ಫೋನಿನಲ್ಲಿ ಗುಣಿಸಿ ನೋಡಿ ಮುಖ ಒರೆಸಿಕೊಂಡ. "ನೂರೈವತ್ತು ಬೇಕಿತ್ತು," ಎಂದ.

ಮೂರನೇ ಏಟಿಗೆ ಕೈಯೆತ್ತಿದವಳನ್ನು ಇಬ್ಬರು ಹೆಂಗಸರು ಹಿಂದಿನಿಂದ ತಬ್ಬಿ ಹಿಡಿದರು. ಒಬ್ಬಳ ತುಟಿ ಒಡೆಯಿತು, ಆದರೂ ಬಿಡಲಿಲ್ಲ.

ಗಂಡನ ಎಡಗಣ್ಣು ಉಳಿಯಲಿಲ್ಲ. ಮಾರನೆಯ ದಿನ ಆಸ್ಪತ್ರೆಗೆ ಪೊಲೀಸರು ಬಂದಾಗ ಮೇಸ್ತ್ರಿ ಒಂದನ್ನೂ ಮುಚ್ಚಿಡದೆ ತಪ್ಪು ತನ್ನದೆಂದು ಹೇಳಿದ. ಕೈ ಮುರಿದವರು ಯಾರೆಂದು ಕೇಳಿದರೆ ಮಾತ್ರ, "ಜಾರಿ ಬಿದ್ದೆ," ಎಂದ.

ಅದೇ ವಾರ್ಡಿನಲ್ಲಿ ಗಂಡನ ಮಂಚದ ಪಕ್ಕದಲ್ಲಿ ಕುಳಿತಿದ್ದ ತಂಗಿ ತಿರುಗಿ ನೋಡದೆ ಹೇಳಿದಳು: "ನಾನೇ ಹೊಡೆದದ್ದು. ಬರ್ಕೊಳ್ಳಿ."