ಮೊಣಕಾಲೆತ್ತರದ ಬಾಗಿಲು

"ನಿಮ್ಮಜ್ಜ ಮಾಪ್ಯಾ ತಲಿ ಮ್ಯಾಲ ಬುಟ್ಟಿ ಹೊತ್ತು ನಮ್ಮ ವಾಡೇದಾಗಿನ ಹೇಲು ಒಯ್ತಿದ್ದ. ಸೋರಿ ಕಣ್ಣಾಗ ಇಳದ್ರೂ ಪಿಟ್ ಅಂತಿರಲಿಲ್ಲ. ನಿನಗ ಗಾಡಿ ಕೊಟ್ಟೀವಿ, ಕೈಗವಸು ಕೊಟ್ಟೀವಿ. ಮತ್ಯಾಕಲೇ ಸೊಕ್ಕು, ಸೂಳೇಮಗನ?"

ಶಾಸಕ ಸೂಗಪ್ಪ ಸಾಹೇಬರು ಇದನ್ನು ಅಂದದ್ದು ತಮ್ಮ ಹೊಸ ಮನೆಯ ಗಾಜಿನ ಹಾಲಿನಲ್ಲಿ. ಮನೆ ನೋಡಲು ಬೆಂಗಳೂರಿನಿಂದ ಬಂದವರು ಕುರ್ಚಿ ಮೇಲೆ ಕೂತು ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದರು. ಒಬ್ಬ ನಕ್ಕ. ಉಳಿದವರು ಸಿಪ್ಪೆ ಎಲ್ಲಿ ಹಾಕಬೇಕೆಂದು ಹುಡುಕಿದರು.

ಆ ಹಾಲಿಗೆ ಮುಂದಿನ ಗೋಡೆಯೇ ಇಲ್ಲ, ಬರೇ ಗಾಜು. ಓಟು ಹಾಕಿದ ಜನ ತಾವು ಆರಿಸಿದವನು ಏನು ಮಾಡುತ್ತಿದ್ದಾನೆಂದು ಅಡ್ಡಾಡುತ್ತಲೇ ನೋಡಬೇಕಂತೆ. ಬಾಗಿಲ ಪಕ್ಕದ ಬೋರ್ಡು, ಈ ಮನೆ ಇವತ್ತು ಎಷ್ಟು ನೀರು ಕುಡಿಯಿತು, ಎಷ್ಟು ಕರೆಂಟು ತಿಂದಿತು ಎಂದು ತೋರಿಸುತ್ತದೆ. ಅಂಗಳದಲ್ಲಿ ಜನ ಕೂತು ಪ್ರಶ್ನೆ ಕೇಳಲಿಕ್ಕೆ ಶಹಾಬಾದಿ ಕಲ್ಲಿನ ಕಟ್ಟೆ. ಶಾಸಕರಿಗೆಂದು ಇಂಥವು ನಾಲ್ಕು ಮನೆ, ಕಲಬುರಗಿಯ ಒಂದು ಹಳೇ ಉದ್ಯಾನದೊಳಗೆ, ಒಂದು ಬೇವಿನ ಮರವನ್ನೂ ಕಡಿಯದೆ. ನಕ್ಷೆ ಹಾಕಿದ್ದು ಕೌಸರ್ ಮೇಡಂ. ಒಳ್ಳೆಯವರು. ನಮ್ಮ ಜೊತೆ ನೆಲಕ್ಕೆ ಕೂತು ರೊಟ್ಟಿ ತಿಂದವರು.

ಗೋಡೆ ಎಬ್ಬಿಸಿದ್ದು ನಾನು ಮತ್ತು ಅವ್ವ. ಮಣ್ಣು ಕಮಲಾಪುರದ್ದು. ಸಾಹೇಬರೂ ಅಲ್ಲಿಯವರೇ, ನಾವೂ ಅಲ್ಲಿಯವರೇ. ನಮ್ಮಪ್ಪ ಪೀರಪ್ಪ, ಅಜ್ಜನ ಬುಟ್ಟಿಯನ್ನು ಅವರ ವಾಡೆಯ ಬಾಗಿಲಲ್ಲೇ ಒಗೆದು ಬಂದು ಮಣ್ಣಿನ ಗೋಡೆ ಕಟ್ಟೋದು ಕಲಿತ. ನನಗೆ ಜೈಭೀಮ ಎಂದು ಹೆಸರಿಟ್ಟ. ಅಪ್ಪ ಸತ್ತಾಗ ನಾನು ಏಳನೇ ಇಯತ್ತೆ. ಸಾಲೆ ಬಿಟ್ಟೆ, ಅವನ ಕರಣೆ ಹಿಡಿದೆ.

ಮನೆ ಮುಗಿದ ಮೇಲೆ ಉದ್ಯಾನದಲ್ಲೇ ನನಗೆ ಕಾಯಂ ನೌಕರಿ, ನಳ ಇರುವ ಒಂದು ಖೋಲಿ ಎಂದಿದ್ದರು. ಮಾಲಿ ಕೆಲಸ ಅಂದುಕೊಂಡೆ. ಕುಸನೂರಿನ ಬಾಡಿಗೆ ಶೆಡ್ಡಿನಲ್ಲಿ ಅವ್ವ ಮೊಣಕಾಲು ಹಿಡಿದುಕೊಂಡು ಟ್ಯಾಂಕರ್ ಕಾಯುತ್ತ ಕೂಡುತ್ತಿದ್ದಳು. ನಿನ್ನೆ ಇದ್ದಬದ್ದ ಪಾತ್ರೆ ತಂದು ಖೋಲಿಯಲ್ಲಿ ಒಲೆ ಹೂಡಿದಳು.

ಪ್ರತಿ ಮನೆಯ ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರದ ಒಂದು ಬಾಗಿಲು ಬಿಡು ಎಂದಿದ್ದರು ಮೇಡಂ. ಗ್ಯಾಸಿನ ಸಿಲಿಂಡರ್ ಇಡಲಿಕ್ಕೆ ಅಂದುಕೊಂಡು ಬಿಟ್ಟೆ. ಅಂಚು ಚಂದ ತಿದ್ದಿದೆ. ಗೋಡೆಗೆ ಮಣ್ಣು ಮೆತ್ತಿ ಗಿಲಾವು ಮಾಡಲು ಬಂದ ಅವ್ವ ಅದರ ಮುಂದೆ ಕೂತವಳು ಕೂತೇ ಇದ್ದಳು. ಏನಾತಬೇ ಎಂದರೆ, ಮೊಣಕಾಲು ಅಂದಳು.

ಇವತ್ತು ಮುಂಜಾನೆ ತಿಳಿಯಿತು. ಈ ಮನೆಗಳ ಪಾಯಖಾನೆಗೆ ನೀರಿಲ್ಲ. ನೀರು ಉಳಿಸಬೇಕಲ್ಲ. ಕೂತು ಎದ್ದವರು ಒಂದು ಹಿಡಿ ಕಟ್ಟಿಗೆ ಹೊಟ್ಟು ಹಾಕುತ್ತಾರೆ. ಕೆಳಗೆ ಡಬ್ಬಿ. ಡಬ್ಬಿಯನ್ನು ಹಿಂದಿನ ಬಾಗಿಲಿನಿಂದ ಎಳೆದು ಬಾಳೆಗಿಡದ ಗುಂಡಿಗೆ ಒಯ್ಯಬೇಕು. ಒಯ್ಯುವವನು ನಾನು. ಮೇಡಂ ಕೈಗವಸು ಕೊಡುತ್ತ, ಇದು ಹೊಲಸಲ್ಲ, ಗೊಬ್ಬರ, ಹೊರದೇಶದಲ್ಲಿ ಮನೆಯವರೇ ಮಾಡಿಕೊಳ್ಳುತ್ತಾರೆ ಎಂದು ತಿಳಿಸಿ ಹೇಳಿದರು. ಇಲ್ಲಿ ಮನೆಯವರು ಯಾಕೆ ಮಾಡೋದಿಲ್ಲ ಎಂದು ಕೇಳಿದೆ. ಅವರು ನಕ್ಷೆ ಮಡಚಿದರು.

ಖೋಲಿಗೆ ಹೋಗಿ ಅವ್ವನಿಗೆ ಹೇಳಿದೆ.

"ಗಿಲಾವ್ ಮಾಡೋ ದಿನಾನೇ ಗೊತ್ತಾತು," ಅಂದಳು. "ವಾಡೇದಾಗ ನಿಮ್ಮಜ್ಜ ಬಗ್ಗಿ ನುಗ್ಗೋ ಬಾಗಲಾನೂ ಇಷ್ಟೇ ಇತ್ತು."

"ಮತ್ಯಾಕ ಹೇಳಲಿಲ್ಲಬೇ?"

"ಮನ್ಯಾಗೇ ನಳ ಅದಲ್ಲೋ."

ನಳ ತಿರುವಿ ಬೇಳೆ ತೊಳೆದಳು.

ಅಲ್ಲಿಂದ ನೆಟ್ಟಗೆ ಹಾಲಿಗೆ ಹೋಗಿ, ನಾ ಗ್ವಾಡಿ ಕಟ್ಟೋ ಮನುಷ್ಯಾ ರೀ, ಇದು ಒಲ್ಲೆ ಎಂದಿದ್ದೆ. ಅಷ್ಟಕ್ಕೇ ಸಾಹೇಬರು ಸತ್ತ ಅಜ್ಜನನ್ನು ಎಬ್ಬಿಸಿ ತಂದರು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಲ್ಲಿನ ಕೆಳಗೆ ಸಿಕ್ಕ ಬೆರಳು ಮೊದಲು ನೋಯುವುದಿಲ್ಲ, ಹಾಗೆ. ಕೈಗವಸನ್ನು ಬಾಳೆಹಣ್ಣಿನ ತಟ್ಟೆಯ ಪಕ್ಕ ಇಟ್ಟೆ. ಕೌಸರ್ ಮೇಡಂ ಬೋರ್ಡಿನ ಕಡೆ ನೋಡುತ್ತ ನಿಂತಿದ್ದರು.

ಮನೆಯ ಹಿಂದೆ ಹೋದೆ. ಉಳಿದ ಕಲ್ಲು, ಕೆಮ್ಮಣ್ಣು ಅಲ್ಲೇ ಗುಡ್ಡೆ ಬಿದ್ದಿತ್ತು. ನೀರು ಸುರಿದು ತುಳಿದೆ. ಸಣ್ಣ ಬಾಗಿಲ ಹಲಗೆ ಕಿತ್ತು, ಕಲ್ಲಿನ ಮೇಲೆ ಕಲ್ಲಿಟ್ಟು ಮಣ್ಣು ಮೆತ್ತುತ್ತ ಬಂದೆ. ಮೇಲೆ ಯಾರೋ ಕೂತಿದ್ದರು. ಡಬ್ಬಿಯೊಳಗೆ ಹೊಟ್ಟು ಉದುರಿದ ಸಪ್ಪಳ ಕೇಳಿಸಿತು. ಕೊನೆಯ ಕಲ್ಲು ಇಟ್ಟೆ.

ಸಾಹೇಬರು ಬಂದರು. ಅವರ ಹಿಂದೆ ಬೆಂಗಳೂರಿನವರು.

"ಏನ್ ಮಾಡ್ಲಾಕತ್ತೀಯೋ ಭೀಮ್ಯಾ? ನಾಳಿಗಿ ಇದು ತುಂಬಿದ್ರ ಯಾರು ತೆಗೀಬೇಕಲೇ? ಹೇಳಲೇ, ಯಾರು ತೆಗೀಬೇಕು?"

ಅಂಗೈ ಒದ್ದೆ ಮಾಡಿಕೊಂಡು ಗಿಲಾವು ನುಣುಪು ಮಾಡಿದೆ. ಬಾಗಿಲು ಎಲ್ಲಿತ್ತೆಂದು ಗೊತ್ತಾಗುವುದಿಲ್ಲ ಈಗ. ಕರಣೆ ತೊಳೆದು ಸೊಂಟಕ್ಕೆ ಸಿಗಿಸಿ ನಡೆದೆ. ಅವರು ಇನ್ನೂ ಕೇಳುತ್ತಲೇ ಇದ್ದರು.

ಖೋಲಿಯ ಬಾಗಿಲಲ್ಲಿ ಅವ್ವ ಕೊಡ ಹಿಡಿದು ನಿಂತಿದ್ದಳು. ನನ್ನ ಕೈಯ ಮಣ್ಣು ನೋಡಿದಳು.

"ಬ್ಯಾಳಿ ಇನ್ನಾ ಬೆಂದಿಲ್ಲಪ್ಪ," ಅಂದಳು.

ನಾನು ನಿಲ್ಲಲಿಲ್ಲ. ಹಿಂದೆ ನಳದ ನೀರು ಕೊಡಕ್ಕೆ ಬೀಳುವ ಸಪ್ಪಳ ಶುರುವಾಯಿತು. ಗೇಟಿನ ತನಕ ಕೇಳಿಸುತ್ತಿತ್ತು.